ಹಾಲಿನಲ್ಲಿ ಕಲಸಿದ ಲೂಚಿ

ಲೂಚಿ ಅಂದರೆ ಪೂರಿಯೇ ಅಲ್ಲವೇ ಎಂದು ಕೇಳುವವರಿಗೆ ನಾನು ಈಗ ಉತ್ತರ ಕೊಡುವುದಿಲ್ಲ. ಮೊದಮೊದಲು ಕೊಡುತ್ತಿದ್ದೆ. ಪೂರಿಗೆ ಗೋಧಿ ಹಿಟ್ಟು, ಲೂಚಿಗೆ ಮೈದಾ. ಕಲಸುವ ಮುಂಚೆ ಹಿಟ್ಟಿಗೆ ತುಪ್ಪ ಹಾಕಿ ಬೆರಳ ತುದಿಯಲ್ಲಿ ಉಜ್ಜಬೇಕು. ಇಷ್ಟೆಲ್ಲ ಕೇಳಿದ ಮೇಲೂ ನನ್ನ ಗಂಡ, "ಸರಿ, ಮೈದಾ ಪೂರಿ ಅನ್ನು" ಎನ್ನುತ್ತಿದ್ದ. ಮೈಸೂರಿನವರಿಗೆ ತಮ್ಮ ದೋಸೆಯ ವಿಷಯದಲ್ಲಿರುವ ಸೂಕ್ಷ್ಮ ಬೇರೆಯವರ ತಿಂಡಿಯ ವಿಷಯದಲ್ಲಿ ಇರುವುದಿಲ್ಲ.

ನಾನೂ ಮೈಸೂರಿನವಳೇ. ಆದರೆ ಬೆಳೆದದ್ದು ಬಂಗಾಳದ ಒಂದು ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಇಂಜಿನಿಯರ್. ಪಕ್ಕದ ಮನೆಯಲ್ಲಿ ಬಂಗಾಳಿ ದಂಪತಿ ಇದ್ದರು, ಮಕ್ಕಳಿನ್ನೂ ಆಗಿರಲಿಲ್ಲ. ಆಕೆಯನ್ನು ನಾನು ಕಾಕೀಮಾ ಎಂದು ಕರೆಯುತ್ತಿದ್ದೆ, ಅಂದರೆ ಚಿಕ್ಕಮ್ಮ. ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಲೂಚಿ. ಅವರು ಆಲೂಗಡ್ಡೆ ಪಲ್ಯದ ಜೊತೆ ತಿನ್ನುತ್ತಿದ್ದರು, ನನಗೆ ಮಾತ್ರ ಸಕ್ಕರೆ. ನಮ್ಮದು ಮಡಿಯ ಮನೆ. ಮೀನು ಬೇಯಿಸುವ ಅಡುಗೆಮನೆಯ ಪಲ್ಯ ಮುಟ್ಟಕೂಡದು, ಕರಿದದ್ದಾದರೆ ಪರವಾಗಿಲ್ಲ ಎಂದು ಅಮ್ಮ ಅಪ್ಪಣೆ ಕೊಟ್ಟಿದ್ದಳು. ನನಗೇನೂ ಬೇಸರವಿರಲಿಲ್ಲ. ಬಿಸಿ ಲೂಚಿಯ ಹೊಟ್ಟೆಗೆ ಬೆರಳಿನಿಂದ ತೂತು ಮಾಡಿ, ಒಳಗೆ ಸಕ್ಕರೆ ಸುರಿದು, ಕಾಕೀಮಾಳ ಪಕ್ಕದಲ್ಲೇ ಮಣೆ ಹಾಕಿಕೊಂಡು ತಿನ್ನುತ್ತಿದ್ದೆ.

ನನಗೆ ಎಂಟು ವರ್ಷವಿದ್ದಾಗ ಒಂದು ಭಾನುವಾರ ಅಮ್ಮ ನನ್ನನ್ನು ಬಾಗಿಲಲ್ಲೇ ತಡೆದಳು. "ಇನ್ಮೇಲೆ ಅಲ್ಲಿಗೆ ಹೋಗ್ಬೇಡ. ಕಳಿಸ್ಬೇಡಿ ಅಂದ್ರು ಅವರು. ಬಂದು ಬಂದು ಪ್ರಾಣ ತಿಂತೀಯಂತೆ" ಎಂದಳು.

ಆಮೇಲೆ ಕಾಕೀಮಾ ಅಂಗಳದಲ್ಲಿ ಕಂಡು ಕರೆದರೂ ಮುಖ ತಿರುಗಿಸಿ ಓಡುತ್ತಿದ್ದೆ. ಮರುವರ್ಷ ನಾವು ಮೈಸೂರಿಗೆ ವಾಪಸಾದೆವು. ಆದರೆ ಆ ಮಾತು ನನ್ನ ಜೊತೆಯಲ್ಲೇ ಬಂತು. ಇವತ್ತಿಗೂ ಯಾರ ಮನೆಗೆ ಹೋದರೂ, ಇವರಿಗೆ ನಾನು ಯಾವಾಗ ಬೇಡವಾಗುತ್ತೇನೋ ಎಂದು ಅಂದಾಜು ಮಾಡುತ್ತಲೇ ಕೂರುತ್ತೇನೆ. ಕಾಫಿ ಲೋಟ ಕೆಳಗಿಟ್ಟ ಕೂಡಲೇ ಎದ್ದುಬಿಡುತ್ತೇನೆ. ಅದನ್ನು ನನ್ನ ಸ್ವಭಾವವೆಂದೇ ಎಲ್ಲರೂ ತಿಳಿದಿದ್ದಾರೆ.

ತೊಂಬತ್ತರ ದಶಕದ ನಡುವೆ ಟೊರಾಂಟೊಗೆ ಬಂದು ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಇಳಿದ ಮೇಲೆ ನನಗೆ ಲೂಚಿಯ ಹುಚ್ಚು ಹಿಡಿಯಿತು. ಬೇಡ ಅಂದವರ ಮನೆಯ ತಿಂಡಿಯನ್ನು ನಾನೇ ಮಾಡಿಕೊಂಡು ತಿಂದರೆ ಯಾರ ಹಂಗೇನು ಎಂಬ ಹಟವೂ ಅದರಲ್ಲಿತ್ತು. ಇಲ್ಲಿನ ಆಲ್ ಪರ್ಪಸ್ ಹಿಟ್ಟು ಲಟ್ಟಿಸಿದಷ್ಟೂ ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತಿತ್ತು. ಕೇಕಿನ ಹಿಟ್ಟು ತಂದರೆ ಎಣ್ಣೆಯಲ್ಲಿ ಉದುರಿತು. ಎರಡನ್ನೂ ಬೆರೆಸಿದೆ. ಬಾಣಲೆ ಇಟ್ಟ ದಿನವೆಲ್ಲ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತಿತ್ತು, ಗಂಡ ಅದರ ಕೆಳಗೆ ಟವೆಲ್ ಬೀಸುತ್ತಾ ನಿಂತಿರುತ್ತಿದ್ದ. ಕೆಳಗಿನ ಮಹಡಿಯ ಢಾಕಾದ ಹೆಂಗಸು ನನ್ನ ಪಾಡು ನೋಡಲಾರದೆ ಮೇಲೆ ಬಂದು ಮಾಡಿ ತೋರಿಸಿದರು. ಅವರ ಲೂಚಿ ಅಚ್ಚ ಬಿಳಿ. ನನ್ನ ನೆನಪಿನ ಲೂಚಿಗೆ ತುಸು ಕೆಂಪು ಬಣ್ಣವಿತ್ತು, ಸಕ್ಕರೆ ಹಾಕದೆಯೂ ಒಂದು ಸಣ್ಣ ಸಿಹಿ ಇತ್ತು. ಅವರಿಗೆ ಥ್ಯಾಂಕ್ಸ್ ಹೇಳಿ, ಪಾಪ ಇವರಿಗೆ ಲೂಚಿ ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಟೊರಾಂಟೊ ಪಕ್ಕದ ಮಾರ್ಕಮ್‌ನಲ್ಲಿ ಮನೆ ಕೊಂಡ ಮೇಲೆ, ಅಪ್ಪ ತೀರಿಕೊಂಡಿದ್ದರಿಂದ, ಅಮ್ಮ ನಮ್ಮ ಜೊತೆ ಇರಲು ಬಂದಳು. ಅವಳ ಮಡಿಗೆ ಏನೇನು ಏರ್ಪಾಡು ಮಾಡಬೇಕೋ ಎಂದು ನಾನು ಹೆದರಿದ್ದೆ. ಮಡಿಯನ್ನು ಅವಳು ವಿಮಾನದಲ್ಲೇ ಬಿಟ್ಟು ಬಂದಿದ್ದಳು. ಮಾಲ್‌ನಲ್ಲಿ ಪಿಜ್ಜಾ ತಿಂದಳು, ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನು ಮೊಟ್ಟೆ ಇದೆಯೇ ಎಂದು ಕೇಳದೆ ಎರಡು ಸಲ ಹಾಕಿಸಿಕೊಂಡಳು. ನನ್ನ ಅರೆಬರೆ ಲೂಚಿಯನ್ನೂ ಪಲ್ಯದ ಜೊತೆ ತಿಂದು, "ಚೆನ್ನಾಗಿದೆ ಕಣೇ, ಇನ್ನೊಂದು ಹಾಕು" ಎನ್ನುತ್ತಿದ್ದಳು. ನನಗೆ ಖುಷಿಯೇ ಆಗಿತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ದುರ್ಗಾಪೂಜೆಗೆಂದು ಬಂಗಾಳಿಗಳು ಬಾಡಿಗೆಗೆ ಹಿಡಿದಿದ್ದ ಒಂದು ಶಾಲೆಯ ಜಿಮ್ಮಿನಲ್ಲಿ, ಪ್ರಸಾದದ ಸಾಲಿನಲ್ಲಿ, ನನ್ನ ಮುಂದೆ ನಿಂತಿದ್ದ ವಯಸ್ಸಾದ ಹೆಂಗಸು ಯಾರಿಗೋ ನಮ್ಮ ಉಕ್ಕಿನ ಊರಿನ ಹೆಸರು ಹೇಳುತ್ತಿದ್ದರು. ದನಿ ಕೇಳಿದ ಕೂಡಲೇ ಗುರುತು ಹಿಡಿದೆ. ಸುಮ್ಮನೆ ಅಲ್ಲಿಂದ ಹೊರಟುಹೋಗೋಣ ಅನ್ನಿಸಿತು. ಅಷ್ಟರಲ್ಲಿ ಅವರು ತಿರುಗಿದರು, ನಾನು ಯಾರೆಂದು ಹೇಳಿಬಿಟ್ಟೆ. ಕಾಕೀಮಾ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದುಕೊಂಡರು. ಆಮೇಲೆ ಹುಟ್ಟಿದ ಮಗನ ಜೊತೆ ಈಗ ಇಲ್ಲೇ ಹತ್ತಿರದ ಮಿಸಿಸಾಗಾದಲ್ಲಿದ್ದಾರಂತೆ. ನನ್ನ ಬಂಗಾಳಿ ತುಕ್ಕು ಹಿಡಿದಿತ್ತು, ಆದರೆ ಅವರು ಅಂದದ್ದೆಲ್ಲ ಅರ್ಥವಾಯಿತು.

"ನಿನಗೆ ಅಂತ ಬೇರೆ ಹಿಟ್ಟು ಹಾಲಿನಲ್ಲಿ ಕಲಸಿಡ್ತಿದ್ದೆ, ಗೊತ್ತಾ? ನೀರು ಮುಟ್ಟಿಸಬಾರದು ಅಂತ ನಿಮ್ಮಮ್ಮ ಕೇಳಿಕೊಂಡಿದ್ದರು. ಕೆಂಪಾದರೆ ಅದು ಲೂಚಿಯೇ ಅಲ್ಲ ಅಂತ ನಮ್ಮವರು ನಗೋರು."

ನಮ್ಮ ಕಡೆಯ ಮಡಿ ಮನೆಗಳಲ್ಲಿ ಇದು ರೂಢಿ. ಹಾಲಿನಲ್ಲಿ ಕಲಸಿ ಕರಿದರೆ ಮುಸುರೆಯಿಲ್ಲ, ಅಂದರೆ ಮಡಿಗೆ ಭಂಗವಿಲ್ಲ; ನೀರು ತಾಗಿದರೆ ಮುಸುರೆ. ಇಷ್ಟು ವರ್ಷ ನಾನು ಬಂಗಾಳದ ರುಚಿ ಎಂದು ಹುಡುಕುತ್ತಿದ್ದದ್ದು ನಮ್ಮಮ್ಮನ ಮಡಿಯನ್ನು. ಢಾಕಾದ ಹೆಂಗಸನ್ನು ನೆನೆದು ನಗು ಬಂತು. ಆದರೆ ಕಾಕೀಮಾಳ ಮಾತು ಮುಗಿದಿರಲಿಲ್ಲ.

"ಒಂದು ಭಾನುವಾರ ಹಾಲು ಒಡೆದುಹೋಯ್ತು. ನೀನು ಹಸಿದುಕೊಂಡು ಕೂತಿದ್ದೆ, ನೀರಿನಲ್ಲೇ ಕಲಸಿಬಿಟ್ಟೆ. ಮುಚ್ಚಿಡೋದು ತಪ್ಪು ಅಂತ ಸಂಜೆ ನಿಮ್ಮಮ್ಮನಿಗೆ ಹೇಳಿದೆ. ಮುಂದಿನ ವಾರದಿಂದ ನೀನು ಬರಲಿಲ್ಲ. ಕೇಳಿದರೆ, ಮೀನಿನ ವಾಸನೆ ಅಂತ ಮಗುವೇ ಒಲ್ಲೆ ಅನ್ನುತ್ತೆ ಅಂದರು. ಶನಿವಾರ ಮೀನು ತರೋದನ್ನೇ ಬಿಟ್ಟು ನೋಡಿದೆ. ಆದರೂ ನೀನು ಬರಲಿಲ್ಲ."

ಮುಂದಿನ ಭಾನುವಾರ ಮನೆಗೆ ಬನ್ನಿ ಎಂದಷ್ಟೇ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಹಿಟ್ಟನ್ನು ಹಾಲಿನಲ್ಲಿ ಕಲಸಿದೆ. ಅದೇ ಬಣ್ಣ, ಅದೇ ಸಿಹಿ. "ದಿಸ್ ಒನ್ ಈಸ್ ರಿಯಲಿ ಗುಡ್" ಎಂದು ಮಗಳು ಎರಡು ಎತ್ತಿಕೊಂಡು ಹೋದಳು. ಅಮ್ಮ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಕಾಕೀಮಾ ಸಿಕ್ಕಿದ್ದನ್ನೂ ಅವರು ಹೇಳಿದ್ದನ್ನೂ ಹೇಳಿದೆ.

ಅಮ್ಮ ತಡವರಿಸಲೂ ಇಲ್ಲ. "ಹೂಂ, ನಾನೇ ಹಾಗಂದಿದ್ದು. ನಾನು ಬೇಡ ಅಂದಿದ್ರೆ ನೀನು ಕೇಳ್ತಿದ್ಯಾ? ಕದ್ದು ಹೋಗ್ತಿದ್ದೆ. ಅವ್ರೇ ಬೇಡ ಅಂದ್ರು ಅಂದಿದ್ದಕ್ಕೆ ನಿಂತೆ."

"ವಿಮಾನದಲ್ಲಿ ಕೊಟ್ಟ ಬ್ರೆಡ್ಡು ತಿಂದ್ಯಲ್ಲಮ್ಮ, ಅದನ್ನ ಯಾವ ಹಾಲಲ್ಲಿ ಕಲಸಿದ್ರು?"

"ಕಾಲ ಬದಲಾಯ್ತು ಕಣೇ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವಳು ಮಡಿ ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಅಷ್ಟು ಸಲೀಸಾಗಿ ಬಿಡಬಹುದಾದದ್ದಕ್ಕಾಗಿ, ನನ್ನನ್ನು ಪ್ರೀತಿಸಿದವರೇ ನನ್ನನ್ನು ಅಟ್ಟಿದರೆಂದು ಎಂಟು ವರ್ಷದ ಮಗುವನ್ನು ನಂಬಿಸಿದಳಲ್ಲ, ಅದಕ್ಕೆ ಸಿಟ್ಟು. ಬೇರೆ ಯಾರಾದರೂ ಮಾಡಿದ್ದರೆ ದ್ರೋಹ ಎನ್ನುತ್ತಿದ್ದೆ. ಅಮ್ಮ ಮಾಡಿದರೂ ಅದು ದ್ರೋಹವೇ.

"ಭಾನುವಾರ ಅವರು ಬರ್ತಾರೆ. ನೀನೇ ಹೇಳ್ಬಿಡು, ನಾನು ಬರಲ್ಲ ಅಂದಿರಲಿಲ್ಲ ಅಂತ" ಎಂದೆ.

"ಈಗ್ಯಾಕೆ ಅದೆಲ್ಲ ಕೆದಕೋದು" ಎಂದು ಅಮ್ಮ ತಟ್ಟೆ ತೊಳೆಯಲು ಎದ್ದಳು.

ಭಾನುವಾರ ಕಾಕೀಮಾಳನ್ನು ಅವರ ಮಗ ಕಾರಿನಲ್ಲಿ ತಂದು ಬಿಟ್ಟು ಹೋದ. ಅಮ್ಮ ಬಾಗಿಲಿಗೇ ಹೋಗಿ ಕರೆತಂದು, ಸೋಫಾದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ಅವರ ಕೈ ಹಿಡಿದುಕೊಂಡಳು. ಹಳೆಯ ದಿನಗಳ ಮಾತೆಲ್ಲ ತನ್ನ ಹರುಕುಮುರುಕು ಹಿಂದಿಯಲ್ಲಿ ಆಡಿದಳು. ಅಷ್ಟು ವರ್ಷ ಅಲ್ಲಿದ್ದರೂ ಅವಳು ಬಂಗಾಳಿ ಕಲಿತಿರಲಿಲ್ಲ. ನಾನು ಎದುರಿನ ಕುರ್ಚಿಯಲ್ಲಿ ಕಾದೆ. ಲೂಚಿಯ ಮಾತು ಬಂದೇ ಬಂತು. ಅಮ್ಮ ನನ್ನ ಮುಖ ನೋಡಿ, ಆಮೇಲೆ ಅವರ ಕಡೆ ತಿರುಗಿ, "ಬಹಳ ಹಟದ ಹುಡುಗಿ. ಒಂದು ದಿನ ಹೋಗಲ್ಲ ಅಂದರೆ ಹೋಗಲ್ಲ ಅಂತ ಕೂತುಬಿಟ್ಟಳು. ನಾನೇನು ಮಾಡಲಿ ಹೇಳಿ" ಎಂದಳು.

ಕಾಕೀಮಾ ನಗುತ್ತಾ ನನ್ನತ್ತ ನೋಡಿದರು. ಆ ನಗುವಿನಲ್ಲಿ ಕ್ಷಮೆ ಇತ್ತು, ನಾನು ಮಾಡದೇ ಇದ್ದದ್ದಕ್ಕೆ.

ಬಂಗಾಳಿಯಲ್ಲಿ, ಒಂದೊಂದೇ ಪದ ಹುಡುಕಿ, ಹೇಳಿದೆ: "ನಾನು ಬರಲ್ಲ ಅಂದಿರಲಿಲ್ಲ ಕಾಕೀಮಾ. ನನ್ನನ್ನು ಕಳಿಸಬೇಡಿ ಅಂತ ನೀವು ಅಂದಿರಿ ಅಂತ ಅಮ್ಮ ಹೇಳಿದಳು. ನಾನು ನಂಬಿದೆ."

ಕಾಕೀಮಾಳ ನಗು ನಿಂತಿತು. ಅಮ್ಮನ ಅಂಗೈಯೊಳಗಿದ್ದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ಅಮ್ಮ ತನ್ನ ಬರಿಗೈ ನೋಡಿಕೊಂಡಳು. "ಏನಂದೆ ಅವ್ರಿಗೆ?" ಎಂದು ಕನ್ನಡದಲ್ಲಿ ಕೇಳಿದಳು.

"ನೀನು ಹೇಳಬೇಕಾಗಿದ್ದಿದ್ದನ್ನ" ಎಂದೆ.