ವೈನಿ ಒತ್ತಿದ ಸ್ವಿಚ್ಚು

ಯಶೋದಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ. ನಮ್ಮೂರು ಮಾಜಾಳಿಯಲ್ಲಿ ಅವಳಿಗೆ ಕೆಟ್ಟ ಹೆಸರು ತಂದವನೇ ನಾನು.

ಗಂಡ ಸತ್ತ ಮೇಲೆ ಅವಳು ಮೈದುನ ಜಟ್ಟಪ್ಪನ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಟೆಂಪೋ ಹತ್ತಿ ಕಾರವಾರದ ಪೇಟೆಗೆ, ಮಧ್ಯಾಹ್ನ ಬಂದು ಬಲೆ ಹೊಲಿಯುವುದು. ಗಿರಾಕಿ ಹೆಚ್ಚು ಚೌಕಾಶಿ ಮಾಡಿದರೆ, "ಮುಖ ತೊಳ್ಕಂಡು ಬಾ, ಆಮೇಲೆ ಮಾತಾಡುವ" ಎನ್ನುವಷ್ಟು ಜೋರು. ದೋಣಿಗಳ ವೈರಿಂಗ್ ಮಾಡುವ ನನ್ನನ್ನು ಒಂದು ದಿನವೂ ಚಾ ಕೊಡದೆ ಕಳಿಸಿದವಳಲ್ಲ.

ಹೋದ ವರ್ಷ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಜಟ್ಟಪ್ಪನ ದೋಣಿ ಇಳಿಸುವ ದಿನ. ನಮ್ಮಲ್ಲಿ ಬ್ಯಾಟರಿಗೂ ಹೂ ಏರಿಸುತ್ತಾರೆ. ಕಾಯಿ ಒಡೆಯುವ ತನಕ ಯಾವ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಒಡೆದ ಮೇಲೆ ಮನೆಯ ಹಿರಿಯ ಹೆಂಗಸು ಒತ್ತಬೇಕು. ಜಟ್ಟಪ್ಪನ ತಾಯಿ ತೀರಿಕೊಂಡಿದ್ದಳು. "ಈ ಸಲ ವೈನಿನೇ ಒತ್ತಲಿ" ಎಂದು ಅತ್ತಿಗೆಯನ್ನು ಮುಂದೆ ಕರೆದ. ಗಂಡನಿಲ್ಲದವಳು ಒತ್ತುವುದೇ ಎಂದು ಅವನ ಹೆಂಡತಿಯ ತಾಯಿ ಸುಗಂಧಾ ಮುಖ ಸಿಂಡರಿಸಿದಳು. ಅವನು ಕೇಳಲಿಲ್ಲ.

ಅಂದು ಬೆಳಿಗ್ಗೆ ನಾನು ಬೇರೊಂದು ದೋಣಿಯಲ್ಲಿ ಒಂದು ಬ್ಯಾಟರಿಯ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿ ಬಂದಿದ್ದೆ. ಹನ್ನೆರಡಕ್ಕೆ ಹನ್ನೆರಡು ಕೂಡಿ ಇಪ್ಪತ್ನಾಲ್ಕು ವೋಲ್ಟು. ಅಲ್ಲಿಗೆ ಬೇಕಿದ್ದದ್ದೇ ಅಷ್ಟು. ಜಟ್ಟಪ್ಪನ ದೋಣಿಯ ವೈರ್‌ಲೆಸ್ ಸೆಟ್ಟಿಗೆ ಹನ್ನೆರಡಕ್ಕಿಂತ ಹೆಚ್ಚು ಕೊಟ್ಟರೆ ಸುಟ್ಟುಹೋಗುತ್ತದೆ. ಇಲ್ಲಿ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಬೇಕು; ವೋಲ್ಟು ಏರದು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಇಪ್ಪತ್ತು ವರ್ಷ ಮಾಡಿದ ಕೆಲಸ. ಗಡಿಬಿಡಿಯಲ್ಲಿ ಕೈ ಬೆಳಗಿನಂತೆಯೇ ಜೋಡಿಸಿಬಿಟ್ಟಿತು. ವೋಲ್ಟು ಅಳೆಯುವ ಮೀಟರು ಕಿಸೆಯಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ.

ಕಾಯಿ ಒಡೆದರು. ಯಶೋದಕ್ಕ ಸ್ವಿಚ್ಚು ಒತ್ತಿದಳು. ವೈರ್‌ಲೆಸ್ಸಿನಿಂದ ಹೊಗೆ ಎದ್ದಿತು.

"ಹೇಳಿದ್ನಲ್ಲಾ, ಕೇಳಿದ್ರಾ?" ಎಂದು ಸುಗಂಧಾ ಕೂಗಿದಳು. ನಾನು ಸ್ವಿಚ್ಚು ಆರಿಸಿ ಬ್ಯಾಟರಿ ಪೆಟ್ಟಿಗೆಗೆ ಬಗ್ಗಿದೆ. ತಪ್ಪು ಕಣ್ಣಿಗೆ ಬಿತ್ತು. ಯಾರಿಗೂ ಕಾಣದಂತೆ ತಂತಿ ಬದಲಿಸಿ, "ಸೆಟ್ಟಿಗೆ ಉಪ್ಪುಗಾಳಿ ಹೊಡದದೆ" ಎಂದೆ. ಉಪ್ಪುಗಾಳಿಯ ಮಾತು ಯಾರಿಗೆ ಬೇಕಿತ್ತು? ಎಲ್ಲರೂ ಅಪಶಕುನ ಎಂಬಂತೆ ಅವಳನ್ನೇ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಥೂ ನನ್ನ ಬಾಳಿಗೆ!

ವರ್ಷವಿಡೀ ಅವಳು ದೋಣಿಯ ಹತ್ತಿರ ಸುಳಿಯಲಿಲ್ಲ. ನನಗೆ ಚಾ ಮಾತ್ರ ಕೊಡುತ್ತಲೇ ಇದ್ದಳು. ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ, ಆದರೂ ಕುಡಿಯುತ್ತಿದ್ದೆ.

ಈ ವರ್ಷ ಪೂಜೆಯ ಹೊತ್ತಿಗೆ ಅವಳು ಬುಟ್ಟಿ ಹಿಡಿದು ರಸ್ತೆಗೆ ಹೊರಟಿದ್ದಳು. ಅಡ್ಡ ನಿಂತು ಎಲ್ಲ ಹೇಳಿದೆ.

"ಗೊತ್ತದೆ ತಮಾ. ನೀನು ತಂತಿ ಬದಲು ಮಾಡೂದ ನಾ ಕಂಡಿದ್ದೆ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ಅಕ್ಕಾ?"

"ನಾ ಹೇಳಿದ್ರೆ ಯಾರು ನಂಬ್ತಿದ್ರು? ನೀನೇ ಹೇಳ್ತೆ ಅಂತ ಕಾದೆ."

ದೋಣಿಯ ಹತ್ತಿರ ಓಡಿ, ಕಾಯಿ ಹಿಡಿದು ನಿಂತಿದ್ದ ಜಟ್ಟಪ್ಪನಿಗೆ ಎಲ್ಲರೆದುರೇ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ರಸ್ತೆಯ ಕಡೆ ತಿರುಗಿ, "ವೈನೀ, ಬಾ, ನೀನೇ ಒತ್ತು" ಎಂದು ಕರೆದ.

ಅವಳು ಟೆಂಪೋಗೆ ಕೈ ಮಾಡಿ, ಹತ್ತಿ ಹೋದಳು.