ಪಾದಪೂಜೆಯ ಮಣೆ ಮತ್ತು ಮೂವತ್ತೆರಡು ಎಣಿಕೆ

ಆರ್‌ಪಿಸಿ ಲೇಔಟಿನ ಮಹಿಳಾ ಬಳಗದವರು ತಮ್ಮ ವಾರ್ಷಿಕೋತ್ಸವಕ್ಕೆಂದು ಸಿದ್ಧಪಡಿಸಿದ ಪಟ್ಟಿಯಲ್ಲಿ ಎರಡು ಅಂಕಣಗಳಿದ್ದವು: ‘ನಿಲ್ಲುವವರು’ ಮತ್ತು ‘ಕುರ್ಚಿ’. ನಿಲ್ಲುವವರು ತಲೆಗೊಂದು ಪ್ಲಾಸ್ಟಿಕ್ ಹಲಗೆಯ ಮುಂದೆ ನಿಂತು, ಸಂಗೀತಕ್ಕೆ ಸರಿಯಾಗಿ ಅದರ ಮೇಲೆ ಹತ್ತಿ, ಇಳಿದು, ತಿರುಗಿ, ದಾಟಿ, ಸ್ಟೆಪ್ ಏರೋಬಿಕ್ಸ್ ಎಂಬುದನ್ನು ಪ್ರದರ್ಶಿಸತಕ್ಕದ್ದು. ಕುರ್ಚಿಯವರು ಹಿಂದೆ ಸಾಲಾಗಿ ಕುಳಿತು ಬಣ್ಣದ ರಿಬ್ಬನ್ ಬೀಸತಕ್ಕದ್ದು. ಕಮಲಾಕ್ಷಮ್ಮನವರ ಹೆಸರನ್ನು, ಅವರನ್ನು ಒಂದು ಮಾತೂ ಕೇಳದೆ, ಕುರ್ಚಿಯ ಅಂಕಣದಲ್ಲಿ ಬರೆಯಲಾಗಿತ್ತು.

ಇಲ್ಲಿ ಕೆಲವು ಸಂಗತಿಗಳನ್ನು ಸ್ಪಷ್ಟಪಡಿಸುವುದು ಅವಶ್ಯ. ಕಮಲಾಕ್ಷಮ್ಮನವರಿಗೆ ಆ ದಿನಕ್ಕೆ ಅರವತ್ತೈದು ವರ್ಷ ಹತ್ತು ತಿಂಗಳು. ಎರಡೂ ಮಂಡಿಗಳು ಹುಟ್ಟಿದಾಗಿನವೇ. ಎರಡನೆಯ ಮಹಡಿಯ ಮನೆಗೆ ದಿನಕ್ಕೆ ನಾಲ್ಕು ಬಾರಿ ತರಕಾರಿ ಚೀಲದೊಡನೆ ಹತ್ತಿ ಇಳಿಯುತ್ತಿದ್ದರು. ನಿಲ್ಲುವವರ ಅಂಕಣದಲ್ಲಿ ಮೂರನೆಯವರಾಗಿದ್ದ ಕಲಾವತಿಯವರು ಅವರಿಗಿಂತ ಎರಡು ವರ್ಷ ದೊಡ್ಡವರು. ಆದರೆ ಕಲಾವತಿಯವರ ಕೂದಲು ಇಪ್ಪತ್ತೊಂದು ದಿನಕ್ಕೊಮ್ಮೆ ಕಪ್ಪಾಗುತ್ತಿತ್ತು, ಕಮಲಾಕ್ಷಮ್ಮನವರದು ದೇವರು ಕೊಟ್ಟ ಬಿಳಿಯಲ್ಲಿಯೇ ಇತ್ತು. ಒಂದು ನಾಗರಿಕ ಬಡಾವಣೆಯಲ್ಲಿ ಹೆಂಗಸೊಬ್ಬಳು ನಿಲ್ಲಬೇಕೋ ಕೂರಬೇಕೋ ಎಂಬುದನ್ನು ಹೇರ್ ಡೈ ನಿರ್ಧರಿಸುವುದಾದರೆ, ಜನನ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೆ?

ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ಅವರು ಬಳಗದ ಮುಖ್ಯಸ್ಥೆ ಶಶಿಕಲಾಳನ್ನು ತಡೆದು ನಿಲ್ಲಿಸಿದರು. ಆಕೆ ನಲವತ್ತಮೂರರ ಹೆಂಗಸು. ಬ್ಲೌಸ್ ಹೊಲಿಸುವ ಅಂಗಡಿ ನಡೆಸುತ್ತ, ಉಳಿದ ಸಮಯದಲ್ಲಿ ಬಡಾವಣೆಯನ್ನು ನಡೆಸುತ್ತಿದ್ದಳು.

“ಶಶಿಕಲಾ, ಈ ಕುರ್ಚಿ ಅನ್ನೋದು ಯಾವ ಆಧಾರದ ಮೇಲೆ?”

“ಅಯ್ಯೋ ಆಂಟಿ, ನಿಮ್ಮ ಒಳ್ಳೇದಕ್ಕೇ. ಸ್ಟೇಜ್ ಮೇಲೆ ಬಿದ್ಗಿದ್ಬಿಟ್ರೆ?”

“ನಾನು ಯಾವತ್ತು ಬಿದ್ದಿದೀನಿ?”

“ಬಿದ್ದಿಲ್ಲ. ಬೀಳ್ಬಾರ್ದು ಅಂತ್ಲೇ ಕುರ್ಚಿ.”

“ಕುರ್ಚಿಯಿಂದ್ಲೂ ಜನ ಬೀಳ್ತಾರಮ್ಮ. ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರೀಲಿ ಅದನ್ನೇ ನೋಡ್ಕೊಂಡು ಬಂದಿದೀನಿ.”

ಸುತ್ತಲಿದ್ದವರು ನಕ್ಕರು. ಶಶಿಕಲಾ ಮಾತ್ರ ನಗಲಿಲ್ಲ. ಕೊನೆಗೆ ಒಂದು ತೀರ್ಮಾನವಾಯಿತು: ಬಳಗದ ವಾಟ್ಸ್ಯಾಪಿನಲ್ಲಿ ಹಾಕಿರುವ ಯೂಟ್ಯೂಬ್ ವೀಡಿಯೊ ನೋಡಿ ಕಮಲಾಕ್ಷಮ್ಮ ಮನೆಯಲ್ಲಿಯೇ ಕಲಿಯಬೇಕು; ಎರಡು ವಾರ ಬಿಟ್ಟು, ಮೂವತ್ತೆರಡು ಎಣಿಕೆಯ ಆ ಹೆಜ್ಜೆಗಳನ್ನು ಎಲ್ಲರೊಡನೆ ಮೂರು ಸುತ್ತು ತಪ್ಪಿಲ್ಲದೆ ಮಾಡಿ ತೋರಿಸಬೇಕು. ತೋರಿಸಿದರೆ ನಿಲ್ಲುವವರು, ಇಲ್ಲವಾದರೆ ರಿಬ್ಬನ್.

ವೀಡಿಯೊ ಹದಿಮೂರು ನಿಮಿಷ ನಲವತ್ತು ಸೆಕೆಂಡಿನದು. ಕಿತ್ತಳೆ ಬಣ್ಣದ ಬಿಗಿ ಉಡುಪಿನ ಒಬ್ಬ ವಿದೇಶೀ ಹೆಂಗಸು ಒಂದು ಹಲಗೆಯ ಮೇಲೆ ಹತ್ತಿ ಇಳಿಯುತ್ತ, ಉಸಿರನ್ನೂ ಬಿಡದೆ ಇಂಗ್ಲಿಷ್ ಮಾತನಾಡುತ್ತಿದ್ದಳು: ಬೇಸಿಕ್, ವಿ ಸ್ಟೆಪ್, ನೀ ಲಿಫ್ಟ್, ಓವರ್ ದಿ ಟಾಪ್, ಹೀಗೆ ಹೆಜ್ಜೆಗೊಂದು ಹೆಸರು. ಬಡಾವಣೆಯ ಉಳಿದ ಹೆಂಗಸರು ಈ ವೇಗಕ್ಕೆ ಬೆದರಿ ಶಶಿಕಲಾಳ ಬೆನ್ನು ನೋಡಿ ಕಲಿಯುತ್ತಿದ್ದರು. ಕಮಲಾಕ್ಷಮ್ಮ ಬೆದರಲಿಲ್ಲ. ಅವರು ಶೀಘ್ರಲಿಪಿಗಾರ್ತಿಯಾಗಿದ್ದವರು. ನಿಮಿಷಕ್ಕೆ ನೂರಿಪ್ಪತ್ತು ಪದಗಳ ವೇಗದಲ್ಲಿ, ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತನಾಡುವ ನಿರ್ದೇಶಕರುಗಳ ಉಕ್ತಲೇಖನವನ್ನು ಒಂದಕ್ಷರ ಬಿಡದೆ ಬರೆದುಕೊಂಡವರಿಗೆ, ಕಿತ್ತಳೆ ಉಡುಪಿನವಳು ಯಾವ ಲೆಕ್ಕ? ಮೂಲೆ ಸೇರಿದ್ದ ಹಳೆಯ ನೋಟ್‌ಬುಕ್ಕನ್ನು ತೆಗೆದು, ಪೆನ್ಸಿಲ್ ಚೂಪು ಮಾಡಿ, ವೀಡಿಯೊವನ್ನು ಟಿ.ವಿ.ಗೆ ಹಾಕಿ ಒಂದೇ ಸಲಕ್ಕೆ ಆದ್ಯಂತ ಬರೆದುಕೊಂಡರು. ಗಂಡ ಪಂಚಾಕ್ಷರಿಯವರು ಹೆಗಲ ಮೇಲಿಂದ ಇಣುಕಿ, ಅರ್ಥವಾಗದೆ, ಹಿಂದೆ ಸರಿದರು. ಆ ಮನೆಯಲ್ಲಿ ಅವರಿಗೆ ಓದಲು ಬಾರದ ಲಿಪಿ ಅದೊಂದೇ. ಅವರ ಬಗೆಗಿನ ಹೆಂಡತಿಯ ಹಲವು ಅಭಿಪ್ರಾಯಗಳು ನಲವತ್ತು ವರ್ಷಗಳಿಂದ ಅದರಲ್ಲಿಯೇ ಸುರಕ್ಷಿತವಾಗಿದ್ದವು.

ಇನ್ನು ಹಲಗೆ. ನಾಲ್ಕು ಇಂಚು ಎತ್ತರ ಸಾಕು ಎಂದು ವೀಡಿಯೊದವಳು ಹೇಳಿದ್ದಳು. ಮನೆಯಲ್ಲಿ ನಾಲ್ಕು ಇಂಚು ಎತ್ತರದ ವಸ್ತು ಒಂದೇ ಇತ್ತು: ಪಾದಪೂಜೆಯ ಮಣೆ. ಶ್ರಾವಣದಲ್ಲಿ ಅಯ್ಯನವರು ಬಂದಾಗ ಅವರು ಪಾದವಿರಿಸುವುದಕ್ಕೆಂದು, ಕಮಲಾಕ್ಷಮ್ಮನವರ ತಂದೆ ಹರಿಹರದ ಬಡಗಿಯೊಬ್ಬನಿಂದ ಮಾಡಿಸಿ, ಮದುವೆಯಲ್ಲಿ ಕೊಟ್ಟ ಸಾಗುವಾನಿ ಮಣೆ. ಉದ್ದ ಇಪ್ಪತ್ತನಾಲ್ಕು ಇಂಚು, ಅಗಲ ಹದಿನಾಲ್ಕು. ಕಮಲಾಕ್ಷಮ್ಮ ಟೇಪಿನಿಂದ ಅಳೆದು ಖಚಿತಪಡಿಸಿಕೊಂಡರು. ಜಾರದಂತೆ ಅಡಿಯಲ್ಲಿ ರಬ್ಬರ್ ಕಾಲೊರಸು ಹಾಸಿದರು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಬಲಗಾಲು ಇಟ್ಟರು. ಗೃಹಪ್ರವೇಶಕ್ಕೂ ಬಲಗಾಲೇ ತಾನೆ.

“ಏನೇ ಇದು?” ಪಂಚಾಕ್ಷರಿಯವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಅಯ್ಯನವರು ಪಾದ ಇಡೋ ಮಣೆ ಅದು.”

“ಗೊತ್ತು ರೀ. ಕಾಲಿಡೋಕೇ ಮಾಡ್ಸಿದ್ದು. ನಾನೂ ಕಾಲೇ ಇಡ್ತಾ ಇರೋದು.”

“ಅವರ ಪಾದಾನೂ ನಿನ್ನ ಪಾದಾನೂ ಒಂದೇನೇ?”

“ಅವರು ವರ್ಷಕ್ಕೊಂದ್ಸಲ ಇಡ್ತಾರೆ. ನಾನು ದಿನಕ್ಕೆ ಮುನ್ನೂರು ಸಲ. ಮಣೆಗೆ ಯಾರ ಪರಿಚಯ ಜಾಸ್ತಿ ಹೇಳಿ.”

ಸಹಕಾರ ಇಲಾಖೆಯಲ್ಲಿ ಅಧೀಕ್ಷಕರಾಗಿ ನಿವೃತ್ತರಾದ ಪಂಚಾಕ್ಷರಿಯವರು ಹಣೆಯ ವಿಭೂತಿಯನ್ನು ಇನ್ನೊಮ್ಮೆ ಮುಟ್ಟಿಕೊಂಡು, ಕಾಫಿ ಮುಗಿಸಿ, ಪತ್ರಿಕೆಯ ಹಿಂದೆ ಅಡಗಿದರು.

ವಾರವೊಂದು ಕಳೆಯಿತು. ಕಮಲಾಕ್ಷಮ್ಮನವರಿಗೆ ಹೆಜ್ಜೆಗಳೆಲ್ಲ ಬಂದವು. ಆದರೆ ಒಂದು ಗಂಭೀರ ಲೋಪ ಕಾಣಿಸಿತು, ಅದೂ ವೀಡಿಯೊದಲ್ಲಿ. ಆ ಹೆಂಗಸು ‘ವಿ ಸ್ಟೆಪ್’ ಎನ್ನುತ್ತಿದ್ದಳು, ಕಮಲಾಕ್ಷಮ್ಮ ತಕ್ಷಣ ಮಣೆಯ ಮೇಲೆ ಕಾಲುಗಳನ್ನು ಅಗಲಿಸಿ ಇಡುತ್ತಿದ್ದರು. ಹೇಳಿದವಳು ಮಾತ್ರ ಇನ್ನೂ ಹಳೆಯ ಹೆಜ್ಜೆಯಲ್ಲಿಯೇ ತೂಗಾಡುತ್ತ, ಸರಿಯಾಗಿ ನಾಲ್ಕು ಎಣಿಕೆ ಕಳೆದ ಮೇಲೆ ಮಾಡುತ್ತಿದ್ದಳು. ಪ್ರತಿ ಸುತ್ತಿನಲ್ಲಿಯೂ ಕಮಲಾಕ್ಷಮ್ಮ ಮುಗಿಸಿ ಕೈಕಟ್ಟಿ ನಿಂತಾಗ ಆಕೆ ಇನ್ನೂ ನಾಲ್ಕು ಎಣಿಕೆ ಬಾಕಿ ಉಳಿಸಿಕೊಂಡಿರುತ್ತಿದ್ದಳು. ತಾನೇ ಕೊಟ್ಟ ಆದೇಶವನ್ನು ತಾನೇ ತಡವಾಗಿ ಪಾಲಿಸುವವರನ್ನು ಅವರು ಇಲಾಖೆಯಲ್ಲಿ ಸಾಕಷ್ಟು ಕಂಡಿದ್ದರು. ಸುಮ್ಮನಿರುವುದು ನಾಗರಿಕ ಕರ್ತವ್ಯವಲ್ಲವೆಂದು ಬಗೆದು, ವೀಡಿಯೊದ ಕೆಳಗೆ ಶುದ್ಧ ಇಂಗ್ಲಿಷಿನಲ್ಲಿ ಒಂದು ಆಕ್ಷೇಪಣೆಯನ್ನು ಸಲ್ಲಿಸಿದರು: ಮಾನ್ಯರೇ, ತಮ್ಮ ಕಾಲುಗಳು ತಮ್ಮ ಮಾತಿಗಿಂತ ನಾಲ್ಕು ಎಣಿಕೆಗಳಷ್ಟು ಹಿಂದಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ, ಸೂಕ್ತ ಕ್ರಮ ಕೈಗೊಂಡು ತಿಳಿಸತಕ್ಕದ್ದು. ಎರಡು ದಿನದ ನಂತರ ಉತ್ತರವಾಗಿ ಒಂದು ಕೆಂಪು ಹೃದಯದ ಚಿತ್ರ ಬಂತು. ಆಕ್ಷೇಪಣೆಗೆ ಹೃದಯ ಕಳಿಸುವುದು ಯಾವ ದೇಶದ ಆಡಳಿತ ಪದ್ಧತಿಯೋ ತಿಳಿಯದು.

ಆ ಭಾನುವಾರ ಎಲ್ಲರೊಡನೆ ಒಮ್ಮೆ ಅಭ್ಯಾಸಕ್ಕೆ ನಿಂತಾಗ ಲೋಪ ಯಾರದೆಂಬುದು ಇನ್ನೂ ಗೋಜಲಾಯಿತು. ಇಲ್ಲಿ ಹೆಜ್ಜೆಗಳ ಹೆಸರು ಕೂಗುವವಳು ಶಶಿಕಲಾ. ಆಕೆ ‘ಓವರ್ ದಿ ಟಾಪ್’ ಎಂದದ್ದೇ ಕಮಲಾಕ್ಷಮ್ಮ ಹಲಗೆ ದಾಟಿ ಆಚೆ ಬದಿಗೆ ಇಳಿದರು. ಅಲ್ಲಿ ಕಲಾವತಿಯವರ ಎಡಪಾದವಿತ್ತು.

“ಅಮ್ಮಾ, ಸತ್ತೆ,” ಎಂದರು ಕಲಾವತಿ, ಒಂಟಿಕಾಲಲ್ಲಿ ಕುಂಟುತ್ತ.

“ಆಂಟಿ, ಎಲ್ರಿಗಿಂತ ಮೊದ್ಲೇ ಓಡ್ತೀರಲ್ಲ, ಬಸ್ ಸೀಟಾ ಇದು?” ಎಂದಳು ಶಶಿಕಲಾ. “ಮುಂದಿನ ಭಾನುವಾರ ಕೊನೇ ಚಾನ್ಸ್. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬಾರ್ದು. ನೀಲಿ ರಿಬ್ಬನ್ ನಿಮಗೇ ಅಂತ ಎತ್ತಿಟ್ಟಿದೀನಿ.”

ಹತ್ತು ಮಂದಿ ಒಂದು ರೀತಿ, ತಾವೊಬ್ಬರು ಇನ್ನೊಂದು ರೀತಿ. ಹತ್ತು ಮಂದಿಯೂ ಕಿತ್ತಳೆ ಉಡುಪಿನವಳ ಹಾಗೆ ನಾಲ್ಕು ಎಣಿಕೆ ತಡ. ತಪ್ಪು ತಮ್ಮದೇ ಇರಬಹುದೆ ಎಂಬ ಅನುಮಾನ ಕಮಲಾಕ್ಷಮ್ಮನವರಿಗೆ ಬಂದದ್ದು ಆಗಲೇ. ಆದರೆ ಎಲ್ಲಿ ತಪ್ಪು ಎಂಬುದು ನೋಟ್‌ಬುಕ್ಕನ್ನು ಮೂರು ಬಾರಿ ಓದಿದರೂ ಸಿಗಲಿಲ್ಲ.

ಮರುದಿನ ಶ್ರಾವಣ ಸೋಮವಾರ. ಅತ್ತಿಗುಪ್ಪೆಯಿಂದ ಏಕಾಂತಯ್ಯನವರು ಪಾದಪೂಜೆಗೆ ಎಂಟೂವರೆಗೆ ಬರುವುದೆಂದು ನಿಗದಿಯಾಗಿತ್ತು. ಆ ಬೀದಿಯ ಅರ್ಧ ಮನೆಗಳ ಮದುವೆ, ನಾಮಕರಣಗಳನ್ನು ಮಾಡಿಸಿದ ಎಪ್ಪತ್ತೆರಡರ ಅಯ್ಯನವರು ಅವರು. ರಸ್ತೆ ಖಾಲಿ ಇದ್ದುದರಿಂದ ಸ್ಕೂಟರಿನಲ್ಲಿ ಏಳೂ ಮುಕ್ಕಾಲಿಗೇ ಬಂದುಬಿಟ್ಟರು. ಪಂಚಾಕ್ಷರಿಯವರು ಸ್ನಾನದಲ್ಲಿದ್ದರು. ಬಾಗಿಲು ತೆರೆದಿತ್ತು. ಕಮಲಾಕ್ಷಮ್ಮ ಮಣೆಯ ಮೇಲಿದ್ದರು.

“ಶರಣು ಬುದ್ಧಿ,” ಎಂದರು ಕಮಲಾಕ್ಷಮ್ಮ, ಎತ್ತಿದ ಮಂಡಿಯನ್ನು ಇಳಿಸುತ್ತ. “ಈಗ ತೊಳೆದುಕೊಡ್ತೀನಿ.”

“ಅವಸರ ಇಲ್ಲ ತಾಯಿ. ನಿಮ್ಮದು ಮುಗೀಲಿ.” ಅಯ್ಯನವರು ಶಲ್ಯ ಸರಿಪಡಿಸಿಕೊಂಡು ಸೋಫಾದಲ್ಲಿ ಕುಳಿತರು. “ಇದು ಮಂಡಿಗೆ ಒಳ್ಳೇದಾ? ನಮ್ಮದು ಕಟಕಟ ಅಂತದೆ.”

ಸ್ನಾನದ ಮನೆಯಿಂದ ಹೊರಬಂದ ಪಂಚಾಕ್ಷರಿಯವರು ಈ ದೃಶ್ಯ ಕಂಡು ಕೈಮುಗಿದು ನಿಂತರು. ಅಯ್ಯನವರೋ ಮುಂದಕ್ಕೆ ಬಾಗಿ, ಟಿ.ವಿ.ಯಲ್ಲಿದ್ದ ವಿದೇಶೀ ಹೆಂಗಸನ್ನೂ ಮಣೆಯ ಮೇಲಿದ್ದ ಗೃಹಿಣಿಯನ್ನೂ ಸರದಿಯಂತೆ ನೋಡುತ್ತಿದ್ದರು. ಎರಡು ಸುತ್ತು ನೋಡಿ ನಕ್ಕರು.

“ತಾಯಿ, ಮದುವೇಲಿ ನಾನು ‘ಎಲ್ರೂ ಅಕ್ಷತೆ ಕೈಗೆ ತಗೊಳ್ಳಿ’ ಅಂತೀನಿ. ಯಾಕೆ ಅಂತೀನಿ? ಹಿಂದಿನ ಸಾಲಿನವರಿಗೂ ತಟ್ಟೆ ಹೋಗಿ ಬರ್ಲಿ ಅಂತ. ತಗೊಳ್ಳಿ ಅಂದಿದ್ದೇ ತಡ, ಮುಂದಿರೋ ನಾಲ್ಕು ಜನ ಎಸೆದೇ ಬಿಡ್ತಾರೆ. ಮದುಮಗ ಇನ್ನೂ ತಾಳಿ ಎಲ್ಲಿದೆ ಅಂತ ಹುಡುಕ್ತಾ ಇರ್ತಾನೆ, ತಲೆ ತುಂಬ ಅಕ್ಕಿ. ಈ ಹೆಣ್ಣುಮಗಳು ನಿಮಗೆ ತಗೊಳ್ಳಿ ಅಂತಾ ಇದಾಳೆ. ನೀವು ಎಸೀತಾ ಇದೀರಿ.”

ಕಮಲಾಕ್ಷಮ್ಮ ಮಣೆಯ ಮೇಲೆಯೇ ನಿಂತುಬಿಟ್ಟರು.

ಮೂವತ್ತನಾಲ್ಕು ವರ್ಷ ಅವರ ಅನ್ನಕ್ಕೆ ದಾರಿಯಾದದ್ದು ಒಂದೇ ಶಿಸ್ತು: ಸಾಹೇಬರ ಬಾಯಿಂದ ಪದ ಬಿದ್ದ ಕ್ಷಣವೇ ಪೆನ್ಸಿಲ್ ಚಲಿಸಬೇಕು. ಒಂದು ಕ್ಷಣ ಕಾದರೆ ಪದ ಹೋಯಿತು, ಪದ ಹೋದರೆ ಮೆಮೊ ಬಂತು. ಆ ಶಿಸ್ತು ಕೈಯಿಂದ ಸದ್ದಿಲ್ಲದೆ ಕಾಲಿಗೆ ಇಳಿದಿತ್ತು. ಕಿತ್ತಳೆ ಉಡುಪಿನವಳು ಮುಂದಿನ ಹೆಜ್ಜೆಯನ್ನು ಮುಂಚಿತವಾಗಿಯೇ ಸೂಚಿಸುತ್ತಿದ್ದಳು. ಇವರು ಸೂಚನೆಯನ್ನೇ ಆದೇಶವೆಂದು ಜಾರಿಗೊಳಿಸುತ್ತಿದ್ದರು. ವೀಡಿಯೊದ ಕೆಳಗಿನ ಆಕ್ಷೇಪಣೆಯನ್ನು ಅವರು ಅಂದೇ ಹಿಂತೆಗೆದುಕೊಂಡರು. ಹೃದಯದ ಚಿತ್ರವೂ ಅದರೊಡನೆ ಹೋಯಿತು.

ನಂತರ ಮಣೆಯನ್ನು ತೊಳೆದು, ವಿಭೂತಿ ಹಚ್ಚಿ, ಪೂಜೆ ಯಥಾವತ್ತಾಗಿ ನಡೆಯಿತು. ಪಾದವಿರಿಸಿದ ಏಕಾಂತಯ್ಯನವರು, “ಬೆಚ್ಚಗಿದೆಯಲ್ಲ,” ಎಂದಷ್ಟೇ ಹೇಳಿದರು.

ಉಳಿದ ಐದು ದಿನ ಕಮಲಾಕ್ಷಮ್ಮ ಕಲಿತದ್ದು ಹೆಜ್ಜೆಗಳನ್ನಲ್ಲ. ಮಾತು ಕಿವಿಗೆ ಬಿದ್ದ ಮೇಲೂ ನಾಲ್ಕು ಎಣಿಕೆ ತಡೆದುಕೊಳ್ಳುವುದನ್ನು. ಅದು ಬಹಳ ಕಷ್ಟದ ವಿದ್ಯೆ.

“ಏನ್ ಮಹಾ ಕಷ್ಟ,” ಎಂದರು ಪಂಚಾಕ್ಷರಿ, ಪತ್ರಿಕೆಯ ಹಿಂದಿನಿಂದ. “ಮಾತು ಕೇಳಿ ಸುಮ್ನೆ ಇರೋದನ್ನ ನಾನು ನಲವತ್ತು ವರ್ಷದಿಂದ ಮಾಡ್ತಾ ಇಲ್ವಾ?”

“ನೀವು ಸುಮ್ನೆ ಇದ್ದು ಆಮೇಲೂ ಏನೂ ಮಾಡಲ್ಲ. ನಾನು ಐದನೇದಕ್ಕೆ ಮಾಡ್ಬೇಕು.”

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬಳಗದ ಸಭಾಂಗಣದಲ್ಲಿ ಹನ್ನೊಂದು ಹಲಗೆಗಳು ಸಿದ್ಧವಾಗಿದ್ದವು. ಹಿಂದೆ ಒಂದು ಕುರ್ಚಿ, ಅದರ ಮೇಲೆ ನೀಲಿ ರಿಬ್ಬನ್. ಶಶಿಕಲಾಳ ಫೋನಿನಿಂದ ಸ್ಪೀಕರಿಗೆ ಸಂಗೀತ ಹರಿಯಿತು. ಪಂಚಾಕ್ಷರಿಯವರು ಗೋಡೆಗೆ ಒರಗಿ ನಿಂತಿದ್ದರು. ಕಲಾವತಿಯವರು ತಮ್ಮ ಹಲಗೆಯನ್ನು ಎರಡಡಿ ದೂರಕ್ಕೆ ಎಳೆದುಕೊಂಡಿದ್ದರು.

ಮೊದಲ ಸುತ್ತು ಸರಿಯಾಯಿತು. ಶಶಿಕಲಾ ‘ವಿ ಸ್ಟೆಪ್’ ಎಂದಾಗ ಕಮಲಾಕ್ಷಮ್ಮನವರ ಬಲಗಾಲು ನಡುಗಿತು, ಹೊರಡಲಿಲ್ಲ. ಒಂದು, ಎರಡು, ಮೂರು, ನಾಲ್ಕು, ಆಮೇಲೆ ಹೊರಟಿತು. ಎರಡನೆಯ ಸುತ್ತಿನಲ್ಲಿ ಕಾಲು ನಡುಗಲೂ ಇಲ್ಲ. ಮೂರನೆಯ ಸುತ್ತಿನ ಹದಿನಾರನೆಯ ಎಣಿಕೆಗೆ ಸಂಗೀತ ತಟಕ್ಕನೆ ನಿಂತು, ಫೋನು ಬಡಿದುಕೊಂಡಿತು. ಶಶಿಕಲಾ ಗಾಬರಿಯಲ್ಲಿ ಎಲ್ಲಿ ಒತ್ತಿದಳೋ, ಸ್ಪೀಕರಿನಿಂದ ಸಭಾಂಗಣ ತುಂಬ ಒಂದು ಗಂಡು ಧ್ವನಿ ಮೊಳಗಿತು:

“ಮೇಡಂ, ಪಾರ್ಸೆಲ್ ಇದೆ. ಮನೆ ಮುಂದೆ ನಿಂತಿದೀನಿ. ನಾಯಿ ಕಟ್ಟಿದೀರಾ?”

ಹತ್ತು ಮಂದಿಯೂ ನಿಂತರು. ಒಂದು ಕಾಲು ಹಲಗೆಯ ಮೇಲಿದ್ದವರು ಹಾಗೆಯೇ ನಿಂತರು, ತಿರುಗುತ್ತಿದ್ದ ಇಬ್ಬರು ಪರಸ್ಪರ ಮುಖ ನೋಡುತ್ತ ನಿಂತರು. ಕಮಲಾಕ್ಷಮ್ಮ ನಿಲ್ಲಲಿಲ್ಲ. ಸಾಹೇಬರ ಕೋಣೆಯಲ್ಲಿ ದೂರವಾಣಿ ರಿಂಗಣಿಸಿತೆಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟವರಲ್ಲ ಅವರು. ಕೂಗುವವರಿಲ್ಲ, ಸಂಗೀತವಿಲ್ಲ, ಹಲಗೆಯ ಮೇಲೆ ಒಂದೇ ಜೊತೆ ಕ್ಯಾನ್ವಾಸ್ ಶೂಗಳ ಸದ್ದು. ಮಂಡಿ ಎತ್ತಿದರು, ಇಳಿಸಿದರು, ದಾಟಿದರು, ಮರಳಿದರು. ಮೂವತ್ತೆರಡಕ್ಕೆ ಎರಡೂ ಕಾಲು ನೆಲದ ಮೇಲೆ ಜೋಡಿಸಿ ನಿಂತು, ಉಸಿರು ಬಿಟ್ಟರು.

“ಹಲೋ? ನಾಯಿ?” ಎಂದಿತು ಸ್ಪೀಕರ್.

ಶಶಿಕಲಾ ಫೋನು ಆರಿಸಿದಳು. “ಆಯ್ತು ಆಂಟಿ,” ಎಂದಳು. “ಎರಡನೇ ಸಾಲಲ್ಲಿ ನಿಲ್ಲಿ.”

“ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ಪಟ್ಟಿ ಎಲ್ಲಿದೆ?”

ಪಟ್ಟಿ ಬಂತು. ಕುರ್ಚಿಯ ಅಂಕಣದ ಹೆಸರಿನ ಮೇಲೆ ಶಶಿಕಲಾ ಗೀಚಲು ಹೊರಟಾಗ ಕಮಲಾಕ್ಷಮ್ಮ ಅವಳ ಕೈ ತಡೆದರು. “ಗೀಚ್ಬಾರ್ದು. ಒಂದೇ ಗೆರೆ, ಕೆಳಗಿನ ಅಕ್ಷರ ಕಾಣೋ ಹಾಗೆ. ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು.” ಶಶಿಕಲಾ ಒಂದೇ ಗೆರೆ ಎಳೆದು, ಸಹಿ ಮಾಡಿ, ತಾರೀಖು ಬರೆದಳು. ತಾರೀಖು ಒಂದು ದಿನ ತಪ್ಪಾಗಿತ್ತು. ಅದನ್ನೂ ತಿದ್ದಿಸಿ, ಅದಕ್ಕೊಂದು ಸಹಿ ಹಾಕಿಸಲಾಯಿತು.

ಖಾಲಿಯಾದ ಕುರ್ಚಿಯ ಮೇಲೆ ಪಂಚಾಕ್ಷರಿಯವರು ಅಷ್ಟರಲ್ಲಿ ಕುಳಿತಾಗಿತ್ತು. ತೊಡೆಯ ಮೇಲೆ ಹನ್ನೊಂದು ಹೆಂಗಸರ ಕೈಚೀಲಗಳು, ಎಲ್ಲದರ ಮೇಲೆ ನೀಲಿ ರಿಬ್ಬನ್.

“ರೀ,” ಎಂದರು ಕಮಲಾಕ್ಷಮ್ಮ, ಬೆವರು ಒರೆಸಿಕೊಳ್ಳುತ್ತ, “ಸಂಗೀತ ಶುರುವಾದಾಗ ಬೀಸಿ. ಆದರೆ ಕೂಗಿದ ತಕ್ಷಣ ಬೀಸ್ಬೇಡಿ.”