ಕೆಂಪು ಉಣ್ಣೆ ಕಟ್ಟಿದ ಸ್ಪ್ರೂಸ್

ನಮ್ಮ ಭಾವ ಹಲ್ವೋರನಿಗೆ ಮಾತು ಕಡಿಮೆ, ಕೆಲಸ ಜಾಸ್ತಿ. ನಲವತ್ತು ವರ್ಷ ತೆಲೆಮಾರ್ಕ್ ಸೀಮೆಯ ಈ ಕಣಿವೆಯ ಮನೆಮನೆಗೂ ಕಾಡಿನಿಂದ ಹಸಿರು ತಂದುಕೊಟ್ಟವನು ಅವನೇ. ಇಲ್ಲಿನ ಕ್ರಿಸ್‌ಮಸ್ಸಾದ ಯೂಲ್ ಹಬ್ಬಕ್ಕೆ ಬಾಗಿಲ ಎರಡೂ ಬದಿಗೆ ಚಳಿಯಲ್ಲೂ ಹಸಿರಾಗಿರುವ ಒಂದೊಂದು ಎಳೆಯ ಸ್ಪ್ರೂಸ್ ಗಿಡ, ನೆಲಕ್ಕೆ ಹರಡಲು ಜುನಿಪರ್ ಸೊಪ್ಪು. ಸಾವಾದ ಮನೆಗೂ ಅವನೇ ಬೇಕು. ಅಲ್ಲಿಗೂ ಅದೇ ಎರಡು ಗಿಡ, ಆದರೆ ತುದಿ ಕಡಿದು ನಿಲ್ಲಿಸುತ್ತಾನೆ. ದಾರಿಹೋಕರು ಆ ಬೋಳು ತುದಿ ನೋಡಿದೊಡನೆ ಟೋಪಿ ತೆಗೆಯುತ್ತಾರೆ.

ಬಾಗಿಲಿಗೆ ಹಸಿರು ನಿಲ್ಲಿಸುವ ಈ ಪದ್ಧತಿ ಚರ್ಚು ಬರುವುದಕ್ಕಿಂತ ಹಿಂದಿನದು ಎನ್ನುತ್ತಿದ್ದಳು ನನ್ನಜ್ಜಿ. ನಡುಚಳಿಗಾಲದಲ್ಲಿ ಓಡಿನ್ ದೇವರು ಸತ್ತವರ ದಂಡು ಕಟ್ಟಿಕೊಂಡು ಆಕಾಶದಲ್ಲಿ ಕುದುರೆ ಓಡಿಸುತ್ತಿದ್ದನಂತೆ. ಬಾಗಿಲಲ್ಲಿ ಹಸಿರು ಕಂಡರೆ, ಇಲ್ಲಿನ್ನೂ ಜೀವವಿದೆ ಎಂದು ಮುಂದೆ ಹೋಗುತ್ತಿದ್ದನಂತೆ. ಪ್ರತಿ ವರ್ಷ ನಾನು ಹೇಳುವ ಈ ಕತೆ ಕೇಳಿ ಭಾವ ನಗುತ್ತಿದ್ದ. ಆ ವರ್ಷ ನಗಲಿಲ್ಲ.

ಆ ಡಿಸೆಂಬರಿನಲ್ಲಿ ಡಾಕ್ಟರು ನಮ್ಮಕ್ಕ ಬೆರ್ಗಿಟ್‌ಳನ್ನು, “ಹಬ್ಬ ಮನೇಲೇ ಮಾಡ್ಲಿ” ಎಂದು ಆಸ್ಪತ್ರೆಯಿಂದ ಕಳಿಸಿಬಿಟ್ಟಿದ್ದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಯೊಳಗಿನ ಗಡ್ಡೆ ಅವಳಿಗೆ ಎರಡು ಚಮಚ ಗಂಜಿಯನ್ನೂ ಇಳಿಯಗೊಡುತ್ತಿರಲಿಲ್ಲ. ಭಾವ ಮಂಚದ ಪಕ್ಕದಲ್ಲಿ ಟೋಪಿ ತಿರುಗಿಸುತ್ತಾ ಕೂತಿರುತ್ತಿದ್ದ. ನೋಡಿ ನೋಡಿ ನನಗೆ ಮೈ ಉರಿಯಿತು.

“ಕಂಬದ ಹಾಗೆ ಕೂತಿದ್ದೀಯಲ್ಲ ಭಾವ, ಏನಾದ್ರೂ ಮಾಡಬಾರ್ದಾ?”

“ಏನ್ ಮಾಡ್ಲಿ, ನೀನೇ ಹೇಳೇ ಓಸ್ನೆ. ನಂಗೆ ಬರೋದು ಒಂದೇ.”

ಆ ಒಂದನ್ನೇ ಮಾಡಲು ಕಾಡಿಗೆ ಹೋದ. ಹಿಂದೆಂದೂ ತರದಷ್ಟು ಚೆಂದದ ಎರಡು ಗಿಡ ಹೆಗಲ ಮೇಲೆ ಹೊತ್ತು ತಂದ. ಅಂಗಳದಲ್ಲಿ ಕೂತು ಕೆಳಗಿನ ಕೊಂಬೆ ಸವರುತ್ತಿದ್ದಾಗ ಒಳಗೆ ಅಕ್ಕ ನರಳಿದಳು. ಭಾವ ಕಿಟಕಿ ಕಡೆ ತಿರುಗಿದ. ಆ ಶರತ್ಕಾಲದಲ್ಲಿ ನಾಲ್ಕು ಸಾವಾಗಿದ್ದವು, ಎಂಟು ಗಿಡ ಬೋಳಿಸಿದ ಕೈ ಅದು. ಅವನು ಕಿಟಕಿ ನೋಡುತ್ತಿದ್ದಂತೆಯೇ ಅವನ ಚಾಕು ಒಂದು ಗಿಡದ ತುದಿ ಹಾರಿಸಿತು.

“ಅಯ್ಯೋ ಭಾವ!”

ಅವನು ಅಂಗೈಯಲ್ಲಿ ತುದಿ ಹಿಡಿದುಕೊಂಡು ನಿಂತ. “ನಾನಲ್ಲ ಕಣೇ. ಕೈ ತಾನಾಗೇ ಮಾಡಿಬಿಡ್ತು.”

ಇನ್ನೊಂದು ತರಲು ಆಗಲೇ ಹೊರಟ. ಅಷ್ಟರಲ್ಲಿ ಹಿಮ ಶುರುವಾಯಿತು, ಮೂರು ದಿನ ಬಿಡಲಿಲ್ಲ. ಎರಡು ಸಲ ಹೋಗಿ ಸೊಂಟದ ತನಕ ಹೂತು ವಾಪಸು ಬಂದ. ಕೊನೆಗೆ ಅಕ್ಕನ ಹೆಣಿಗೆ ಬುಟ್ಟಿಯಿಂದ ಕೆಂಪು ಉಣ್ಣೆ ಕದ್ದು, ತುದಿಯನ್ನು ಗಿಡಕ್ಕೆ ಸುತ್ತಿ ಕಟ್ಟಿದ.

ಹಬ್ಬದ ಬೆಳಿಗ್ಗೆ ಅಕ್ಕನ ಮಂಚವನ್ನು ಕಿಟಕಿಗೆ ಸರಿಸಿದೆವು. ಅವಳು ಬಹಳ ಹೊತ್ತು ನೋಡಿದಳು.

“ಏನೋ ಹಲ್ವೋರ್, ಗಿಡಕ್ಕೆ ಗಂಟಲು ನೋವಾ? ಮಫ್ಲರ್ ಸುತ್ತಿದ್ದೀಯಲ್ಲ!”

ಭಾವ ಮಂಚದ ಪಕ್ಕ ಮಂಡಿಯೂರಿದ. ಅಕ್ಕ ಅವನ ತೋಳು ಸವರಿದಳು.

“ಇರ್ಲಿ ಬಿಡು. ನಾನ್ ಹೋದ್ಮೇಲೆ ಮತ್ತೆ ಕಾಡಿಗೆ ಹೋಗೋದು ತಪ್ತು ನಿಂಗೆ.”

ಅವನು ಅವಳ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತ. ಅಷ್ಟೆಲ್ಲ ರೇಗಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಜನವರಿ ಒಂಬತ್ತಕ್ಕೆ ಅಕ್ಕ ಹೋದಳು. ಮಣ್ಣಿನ ದಿನ ಭಾವ ಒಂದು ಗಿಡದ ತುದಿಯನ್ನು ಹೇಗೋ ಕಡಿದ. ಇನ್ನೊಂದರ ಮುಂದೆ ನಿಂತವನಿಗೆ ತಾನೇ ಕಟ್ಟಿದ ಗಂಟು ಬಿಚ್ಚಲು ಬರಲಿಲ್ಲ.

“ನೀನೇ ಬಿಚ್ಚೇ ಓಸ್ನೆ. ನನ್ ಕೈಲಿ ಆಗ್ತಿಲ್ಲ.”

ಬಿಚ್ಚಿದೆ. ಉಣ್ಣೆ ಕೈಗೆ ಬಂತು, ತುದಿ ಮಾತ್ರ ಬೀಳಲಿಲ್ಲ. ಕಡಿದ ಜಾಗದಲ್ಲಿ ಹಿಮ ಹೆಪ್ಪುಗಟ್ಟಿ ಅದು ಗಿಡಕ್ಕೇ ಅಂಟಿಕೊಂಡಿತ್ತು. ಇನ್ನೂ ಹಸಿರಾಗಿತ್ತು.

“ಕಿತ್ತುಬಿಡೇ” ಎಂದ ಭಾವ.

ನನ್ನಿಂದಲೂ ಆಗಲಿಲ್ಲ.